ಲಾರಿ ಹಲಗೆಯ ಬಾತುಕೋಳಿ

ಶಿವಪ್ರಕಾಶಾಚಾರಿಯ ಬಾಳು ಹಳ್ಳ ಹಿಡಿದದ್ದು ಒಂದು ಬಾತುಕೋಳಿಯಿಂದ. ಅದೂ ಜೀವ ಇದ್ದದ್ದಲ್ಲ, ಮರದ್ದು.

ಚಿನಕುರಳಿಯ ರಸ್ತೆ ಬದಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಕಂಪನಿಯಿಂದ ಬರೀ ಎಂಜಿನ್ನು, ಚಕ್ರ, ಉದ್ದನೆ ಕಬ್ಬಿಣದ ಚಾಸಿ ಇಷ್ಟೇ ಹೊತ್ತು ಬೋಳುಬೋಳಾಗಿ ಬರುವ ಲಾರಿಗಳಿಗೆ ಮರದ ಬಾಡಿ ಕಟ್ಟುವುದು ಅವನ ಕಸುಬು. ಸುತ್ತಿನ ಊರುಗಳ ಲಾರಿಗೆಲ್ಲ ಬಟ್ಟೆ ತೊಡಿಸಿದವನಿಗೆ ತನ್ನದೂ ಒಂದು ಇರಲಿ ಅನ್ನಿಸಿತು. ಸಾಲಕ್ಕೆ ಹೋದ. ಮೂರು ವರ್ಷದ ಕಂತು ಎಷ್ಟೆಂದು ಕೇಳಿ ಎದ್ದು ಹೊರಟ. ಫೈನಾನ್ಸಿನ ಮಹದೇವಸ್ವಾಮಿ ಕೂರಿಸಿ ನೀರು ಕೊಟ್ಟು, "ಏಳು ವರ್ಷಕ್ಕೆ ಎಳ್ದುಬುಡಣ ಆಚಾರ್ರೇ, ಕಂತು ಬೀಡಿ ಖರ್ಚಿನಷ್ಟಾಯ್ತದೆ" ಅಂದ. ಹಂಗೆ ಎಳೆದರೆ ಬಡ್ಡಿಯೇ ಅರ್ಧ ಲಾರಿ ನುಂಗುತ್ತದೆ ಅಂತ ಮಾತ್ರ ಆ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಇಂಥವರು ಹಗ್ಗ ಉದ್ದ ಬಿಡುವುದು ಮೇಯಲಿ ಅಂತಲ್ಲ, ಸುತ್ತಿಕೊಂಡು ಬೀಳಲಿ ಅಂತ.

ಹೆಂಡತಿ ವೀಣ ಅವತ್ತೇ ಹೇಳಿದ್ದಳು: "ಏಳು ವರ್ಸಕ್ಕೆ ಲಾರಿಗೆ ಹಲ್ಲುದುರೋಗ್ತದೆ ಕಣ್ರೀ, ಸಾಲಕ್ಕೆ ಮಾತ್ರ ಆಗಿನ್ನೂ ಮೀಸೆ ಚಿಗುರ್ತಿರ್ತದೆ."

ಬಾಡಿ ಕಟ್ಟಲು ಯಾರಿಗಾದರೂ ಒಂದು ತಿಂಗಳು ಸಾಕು. ಶಿವಪ್ರಕಾಶನಿಗೂ ಅಷ್ಟರಲ್ಲೇ ಮುಗಿಯಬೇಕಿತ್ತು. ಆದರೆ ಹಿಂದಿನ ಹಲಗೆಯ ಮೂಲೆಯಲ್ಲಿ ಮರದ ಒಂದು ಗಂಟು ಇಣುಕಿತು. ಬೇರೆಯವರ ಲಾರಿಯಾಗಿದ್ದರೆ ಮೇಲೊಂದು ಕೈ ಬಣ್ಣ ಬಳಿದು ಕಳಿಸುತ್ತಿದ್ದ. ಇದು ತನ್ನದು! ಗಂಟು ಮುಚ್ಚಿಹೋಗಲಿ ಅಂತ ಅದರ ಮೇಲೆ ಒಂದು ಬಾತುಕೋಳಿ ಕೆತ್ತಿದ. ಬಾತುಕೋಳಿ ಬರಿ ಹಲಗೆ ಮೇಲೆ ಈಜುವುದುಂಟೆ? ಕೆಳಗೆ ನೀರು ಬಂತು. ನೀರಿಗೆ ದಡ ಬೇಡವೆ? ತೊಣ್ಣೂರು ಕೆರೆಯೇ ಬಂತು, ಕೆರೆ ಹಿಂದೆ ಗುಡ್ಡ ಬಂತು, ಗುಡ್ಡದ ಮೇಲೆ ನವಿಲು ಬಂತು. ಹಿಂದೆ ಇಷ್ಟು ಚೆಂದ ಇದ್ದು ಪಕ್ಕ ಬೋಳಿದ್ದರೆ ಲಾರಿ ಬೇಜಾರು ಮಾಡಿಕೊಳ್ಳುವುದಿಲ್ಲವೆ? ಎಡಕ್ಕೆ ಆನೆಗಳ ಸಾಲು, ಬಲಕ್ಕೆ ಕಬ್ಬಿನ ಗದ್ದೆ, ಗದ್ದೆಯ ಬದುವಿನಲ್ಲಿ ಬುತ್ತಿ ಹೊತ್ತ ಹೆಂಗಸು. ಆ ಹೆಂಗಸಿನ ಸೆರಗು ಗಾಳಿಗೆ ಹಾರುತ್ತಿತ್ತು. ಮರದ ಸೆರಗು ಅಂದರೆ ಮುಟ್ಟಿ ನೋಡಿದವರೂ ನಂಬುತ್ತಿರಲಿಲ್ಲ. ನವಿಲಿಗೆ ತೇಗ ಸಾಲದೆ ಬಂದಾಗ ವೀಣಳ ತವರಿನವರು ಕೊಟ್ಟಿದ್ದ ಮದುವೆ ಮಂಚವನ್ನೇ ಬಿಚ್ಚಿದ. ಗಂಡ ಹೆಂಡಿರು ಅವತ್ತಿನಿಂದ ಚಾಪೆಗೆ ಬಂದರು.

ಆನೆ ಸಾಲು ಮುಗಿಯುವಷ್ಟರಲ್ಲಿ ಕಂತುಗಳ ಸಾಲೂ ಬೆಳೆದಿತ್ತು. ಸಾಲಕ್ಕೇನು, ಲಾರಿ ನಿಂತಿದ್ದರೂ ಅದು ಓಡುತ್ತಲೇ ಇರುತ್ತದೆ. ಅದಕ್ಕೆ ಡೀಸೆಲ್ಲೂ ಬೇಡ, ಡ್ರೈವರೂ ಬೇಡ.

ಆದರೆ ಲಾರಿಯನ್ನು ಹೊಗಳದ ಬಾಯಿಲ್ಲ. ಕೆ.ಆರ್.ಪೇಟೆ ಬಸ್ಸಿನ ಡ್ರೈವರು ಶೆಡ್ಡಿನ ಮುಂದೆ ದಿನಾ ಬಸ್ಸು ನಿಧಾನ ಮಾಡುತ್ತಿದ್ದ. ಜನ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು.

ಕೆಲಸ ಮುಗಿದ ಮಾರನೇ ಬೆಳಿಗ್ಗೆಯೇ ಮಹದೇವಸ್ವಾಮಿಯ ಫೋನು ಬಂತು. "ಆಚಾರ್ರೇ, ಮೂರು ಕಂತು ಬಾಕಿ ನಿಂತವೆ. ಸಾಯಂಕಾಲ ಬತ್ತೀನಿ. ಒಂದು ಕಂತಾದ್ರೂ ಕೈಲಿರ್ಲಿ. ಇಲ್ದಿದ್ರೆ ಗಾಡಿ ನಾನೇ ಓಡಿಸ್ಕೊಂಡೋಯ್ತೀನಿ, ಬೇಜಾರ್ ಮಾಡ್ಕೊಬ್ಯಾಡಿ."

ವೀಣ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಕೇಳುಸ್ತಾ? ಇವತ್ತು ಏನು ಸಿಕ್ಕುದ್ರೂ ಸೈ, ಬಾಡಿಗೆ ಹೊಡೀರಿ. ಇಲ್ದಿದ್ರೆ ನಿಮ್ ಲಾರಿನೂ ಹೋಯ್ತದೆ, ನನ್ ಮಂಚನೂ ಅದ್ರ ಜೊತೆ ಹೋಯ್ತದೆ."

ಅವಳ ಬಾಯಿಂದ ಮಾತು ಬೀಳುವುದಕ್ಕೂ ಪಕ್ಕದ ಮನೆ ಚಲುವಯ್ಯ ಬೇಲಿ ದಾಟುವುದಕ್ಕೂ ಸರಿಹೋಯಿತು. ಊರಿನ ಯಾವ ಮಾತೂ ಅವನ ಕಿವಿ ತಪ್ಪಿಸಿ ಹೋದದ್ದಿಲ್ಲ.

"ಬೋಣಿ ನಂದೇ ಆಗ್ಲಿ ಕಣ್ಲಾ ಪ್ರಕಾಸಾ! ತಿಪ್ಪೆಲಿ ಗೊಬ್ಬರ ಕೊಳ್ತು ನಿಂತದೆ, ಗದ್ದೆಗೆ ಒಡ್ದುಬುಡು. ಕೈಗೆ ಕಾಸು."

"ಗೊಬ್ಬರವಾ?"

"ಇಲ್ಲ, ಶ್ರೀಗಂಧ! ಗೊಬ್ಬರ ಅಂದ್ರೆ ಲಕ್ಷ್ಮಿ ಕಣ್ಲೇ, ಅದೇನ್ ಮೂಗು ಮುರೀತೀಯೆ?"

ಶಿವಪ್ರಕಾಶ ಹಿಂದಿನ ಹಲಗೆ ಕಡೆ ನೋಡಿದ. ಬಾತುಕೋಳಿ ತನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿತು. ಅದರ ರೆಕ್ಕೆಯ ಒಂದೊಂದು ಗರಿಗೂ ಅವನು ಉಸಿರು ಬಿಗಿಹಿಡಿದು ಉಳಿ ಹಾಕಿದ್ದ. ಅದರ ಮೇಲೆ ಸಗಣಿ ರಸ ಸೋರುವುದು ಕಣ್ಣ ಮುಂದೆ ಬಂತು.

"ಇವತ್ತು ಅಮಾಸೆ ಚಲುವಣ್ಣ. ಹೊಸ ಗಾಡಿ."

"ಅಮಾಸೆ ಕಳ್ದು ನಾಕ್ ದಿನ ಆಯ್ತಲ್ಲೋ!"

"ನಮ್ಮನೇಲಿ ಲೇಟಾಗಿ ಬತ್ತದೆ," ಅಂದವನೇ ಶಿವಪ್ರಕಾಶ ಲಾರಿ ಹತ್ತಿ ಹೊರಟೇಬಿಟ್ಟ.

ಹೋದದ್ದು ಧರ್ಮೇಂದ್ರನ ಕಲ್ಲು ಕ್ವಾರಿಗೆ. ಧರ್ಮೇಂದ್ರ ಅವನ ಜೊತೆ ಸ್ಕೂಲು ಬಿಟ್ಟವನು. ಈಗ ಕಲ್ಲು ಒಡೆಸಿ ದುಡ್ಡು ಮಾಡುತ್ತಿದ್ದ. ನಾಗಮಂಗಲಕ್ಕೆ ಅರ್ಜೆಂಟಾಗಿ ಒಂದು ಲೋಡು ಜಲ್ಲಿ ಹೋಗಬೇಕಿತ್ತು. "ಬಾಡಿಗೆ ಡಬಲ್ ಕೊಡ್ತೀನಿ, ಹಿಂದಕ್ ಹಾಕು," ಅಂದ. ಡಬಲ್ ಬಾಡಿಗೆ ಅಂದರೆ ಹೆಚ್ಚೂಕಮ್ಮಿ ಒಂದು ಕಂತು! ಶಿವಪ್ರಕಾಶ ಕಲ್ಲುಮನಸ್ಸು ಮಾಡಿ ರಿವರ್ಸ್ ಹಾಕಿದ. ಜೆಸಿಬಿಯ ಬಕೀಟು ಜಲ್ಲಿ ತುಂಬಿಕೊಂಡು ರಾಕ್ಷಸ ಬಾಯಿ ತೆರೆದ ಹಾಗೆ ಮೇಲೆದ್ದಿತು. ಇನ್ನೇನು ಕವುಚಬೇಕು, ಶಿವಪ್ರಕಾಶ ಕ್ಯಾಬಿನ್ನಿಂದ ಹಾರಿ, ಬಾಡಿಯೊಳಗೆ ಹತ್ತಿ, ಎರಡೂ ಕೈ ಅಗಲಿಸಿ ನಿಂತುಬಿಟ್ಟ.

"ಮೊದ್ಲು ನನ್ ಮ್ಯಾಲೆ ಸುರೀರಿ!"

ಜೆಸಿಬಿಯವನು ಗಾಬರಿಬಿದ್ದು ಬಕೀಟನ್ನು ಪಕ್ಕಕ್ಕೆ ತಿರುಗಿಸಿ ಕವುಚಿಬಿಟ್ಟ. ಜಲ್ಲಿಯೆಲ್ಲ ಪಕ್ಕದಲ್ಲಿ ನಿಂತಿದ್ದ ಧರ್ಮೇಂದ್ರನ ಬೈಕಿನ ಮೇಲೆ ಬಿತ್ತು. ಬೈಕಿನ ಹ್ಯಾಂಡಲ್ಲು ಮಾತ್ರ ಮೇಕೆ ಕೊಂಬಿನ ಹಾಗೆ ಹೊರಗೆ ಕಾಣುತ್ತಿತ್ತು.

ಧರ್ಮೇಂದ್ರ ಅದನ್ನೇ ನೋಡಿದ. ಆಮೇಲೆ ಆನೆಗಳ ಸಾಲು ನೋಡಿದ. ಬೈಯಲು ಬಂದವನು ಬಾಗಿ ಒಂದು ಸೊಂಡಿಲು ಮುಟ್ಟಿದ. ಒಂದೊಂದು ಆನೆಯ ನಡಿಗೆಯೂ ಬೇರೆ ಬೇರೆ. ಕೊನೆಯ ಮರಿಯಾನೆ ತಾಯಿಯ ಬಾಲ ಹಿಡಿದಿತ್ತು.

"ಲಾರಿ ಕಟ್ದ್ಯೋ, ಮದುವಣಗಿತ್ತಿ ಕಟ್ಕೊಂಡ್ಯೋ ನೀನು?" ಅಂದ ಕೊನೆಗೆ, ಮೆತ್ತಗೆ. "ನಿನ್ ಕೈಗೆ ಚಿನ್ನದ್ ಕಡಗ ತೊಡುಸ್ಬೇಕು ಕಣ್ಲಾ. ನಿನ್ ತಲೆಗೆ ಒನಕೆಲಿ ಒಂದ್ ಕೊಡ್ಬೇಕು. ಓಗು, ನನ್ ಬೈಕಿನ್ ದುಡ್ಡು ಆಮೇಲ್ ಕೇಳ್ತೀನಿ."

ಹೀಗೆ ಒಂದು ಬಾಡಿಗೆಯೂ ಸಿಗದೆ, ಮೇಲೊಂದು ಬೈಕು ಮೈಮೇಲೆ ಬಂದು, ಶಿವಪ್ರಕಾಶ ಹಿಂದಿರುಗಿದ. ಊರ ಬಾಗಿಲಲ್ಲೇ ಟೀ ಅಂಗಡಿಯ ಕುಳ್ಳಮ್ಮ ಅಡ್ಡ ಕೈ ಹಿಡಿದಳು.

"ಮಗಾ, ನಿನ್ ಲಾರಿಗೆ ಗೀರು ಬೀಳಬಾರ್ದು ತಾನೆ? ನನ್ ಮಗ್ಳನ್ನ ಸಂತೆಬಾಚಳ್ಳಿಗೆ ಕೊಟ್ಟಿದ್ದೀನಲ್ಲ, ಅವ್ಳು ಬ್ಯಾರೆ ಮನೆ ಮಾಡವ್ಳೆ. ಹಾಸಿಗೆ ದಿಂಬು ಕಳುಸ್ಬೇಕು. ಬರೀ ಹತ್ತಿ ಕಣಪ್ಪ! ಹತ್ತಿ ತಾಗಿ ಯಾವ ಆನೆಗೆ ನೋವಾಯ್ತದೆ?"

ಶಿವಪ್ರಕಾಶನ ಕಣ್ಣು ತುಂಬಿ ಬಂತು. ಲೋಕದಲ್ಲಿ ಇಂಥ ಬಾಡಿಗೆಯೂ ಉಂಟೆ! ಹಾಸಿಗೆಗಳನ್ನು ತಾನೇ ಎತ್ತಿ ಮಗು ಮಲಗಿಸಿದಂತೆ ಮಲಗಿಸಿದ. ಆಮೇಲೆ ಎರಡಾಳು ಕಬ್ಬಿಣದ ಬೀರು ಹೊತ್ತು ಬಂದರು.

"ಅತ್ತೆ, ಇದೇನು?"

"ಹಾಸಿಗೆ ಜೊತೆಲಿ ಇದೊಂದು. ಒಂದೇ."

ಬೀರು ಆದಮೇಲೆ ರುಬ್ಬೋ ಕಲ್ಲು ಬಂತು. ಕಲ್ಲಿನ ಹಿಂದೆ ಹಗ್ಗ. ಹಗ್ಗದ ತುದಿಯಲ್ಲಿ ಹೋತ.

"ಹೋತ ಯಾತಕ್ಕತ್ತೆ?"

"ಗೃಹಪ್ರವೇಶಕ್ಕೆ ಊಟ ಬ್ಯಾಡ್ವಾ? ನಿಂಗೂ ಒಂದ್ ಎಲೆ ಹಾಕ್ತೀನಿ ಬುಡು!"

"ನಾವು ತಿನ್ನಲ್ಲ ಕಣತ್ತೆ!"

"ತಿನ್ಬ್ಯಾಡ, ಹೊತ್ಕೊಂಡೋಗು!"

ಹೋತಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದೇ ನೆಗೆತಕ್ಕೆ ಲಾರಿ ಏರಿ, ಹಲಗೆಯ ಮೇಲಿಂದ ಕತ್ತು ಹೊರಚಾಚಿ, ಮರದ ಕಬ್ಬಿನ ಗದ್ದೆಯನ್ನು ನಿಜವಾದ ಕಬ್ಬೆಂದೇ ಬಗೆದು ಬಾಯಿ ಹಾಕಿತು. ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ, ಆದರೆ ಬಿರುದು ಪಡೆಯುವ ಹೊತ್ತು ಇದಾಗಿರಲಿಲ್ಲ. ಶಿವಪ್ರಕಾಶ ಹೋತವನ್ನು ತಬ್ಬಿ ಎತ್ತಿದ. ಹೋತ ಅವನ ಹೊಸ ಅಂಗಿಗೆ ತನ್ನ ಕಡೆಯಿಂದ ಬಿಸಿಬಿಸಿ ಮಂಗಳಸ್ನಾನ ಮಾಡಿಸಿತು. ಬೀರು ಇಳಿಯಿತು, ಕಲ್ಲು ಇಳಿಯಿತು, ಕೊನೆಗೆ ಹಾಸಿಗೆಗಳನ್ನೂ ಕುಳ್ಳಮ್ಮ ರೇಗಿ ತಾನೇ ಎಳೆದುಕೊಂಡಳು. "ಇದುನ್ನ ಲಾರಿ ಅಂತಾರಾ? ಇದುಕ್ಕೆ ಗೋಪುರ ಕಟ್ಟಿ ಮಂಗಳಾರತಿ ಮಾಡು, ಓಗು!"

ಸಾಯಂಕಾಲ ಮಹದೇವಸ್ವಾಮಿ ಬಂದಾಗ ಶೆಡ್ಡಿನ ಮುಂದೆ ಅರ್ಧ ಊರು ಸೇರಿತ್ತು. ಅವನ ಹಿಂದೆ ಬಾಗಿಲಿನಷ್ಟು ಅಗಲದ ಇಬ್ಬರು ಆಳುಗಳು. ಶಿವಪ್ರಕಾಶ ಕೀಲಿ ಚಾಚಿದ. ವೀಣ ಒಳಗೇ ಉಳಿದಳು.

ಮಹದೇವಸ್ವಾಮಿ ಲಾರಿ ಹತ್ತಲು ಕಾಲೆತ್ತಿದವನು ಹಾಗೇ ನಿಂತ. ಕಾಲಿನ ಬೂಟು ಬಿಚ್ಚಿದ. ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಆಳುಗಳಲ್ಲಿ ಒಬ್ಬ ಬುತ್ತಿ ಹೊತ್ತ ಹೆಂಗಸಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ಆಚಾರ್ರೇ... ಇದುನ್ನ ಸೀಜ್ ಮಾಡುದ್ರೆ ನನ್ ಕೈ ಬಿದ್ದೋಯ್ತದೆ!" ಅಂದ ಮಹದೇವಸ್ವಾಮಿ. ಫೋಟೋ ತೆಗೆದ. "ಸ್ವಲ್ಪ ನಗಿ" ಅಂತ ಆಚಾರಿಯನ್ನೂ ಲಾರಿಯ ಪಕ್ಕ ನಿಲ್ಲಿಸಿ ಒಂದು ತೆಗೆದ. ಎರಡನ್ನೂ ಸಾಹೇಬರಿಗೆ ಕಳಿಸಿ, ದೂರ ಹೋಗಿ ಫೋನು ಮಾಡಿ, ಕುಣಿಯುತ್ತಾ ಬಂದ.

"ನಿಮ್ ಅದೃಷ್ಟ ತಿರುಗ್ತು! ಪಾಂಡವಪುರದಲ್ಲಿ ನಮ್ ಸಾಲಮೇಳ ಅದೆ. ಒಂದ್ ತಿಂಗ್ಳು ನಿಮ್ ಲಾರಿ ನಮ್ ಆಫೀಸ್ ಮುಂದೆ ನಿಲ್ಲುಸ್ರಿ. ಬಾಡಿಗೆಗೆ ಬದ್ಲು ಮೂರು ಕಂತು ಮಾಫಿ. ಲೋಡಿಲ್ಲ, ಓಡಿಸೋದಿಲ್ಲ, ಒಂದು ನರಪಿಳ್ಳೆ ಹತ್ತಲ್ಲ. ಕಾಯೋಕ್ ವಾಚ್‌ಮನ್ನು!"

"ಗೊಬ್ಬರ?"

"ಧೂಳೂ ಬೀಳಲ್ಲ!"

ಶಿವಪ್ರಕಾಶ ಜನರ ಕಡೆ ತಿರುಗಿ ಎದೆಯುಬ್ಬಿಸಿದ. "ನೋಡುದ್ರಾ? ಗೊಬ್ಬರವಂತೆ, ಜಲ್ಲಿಯಂತೆ, ಹೋತವಂತೆ! ಕೆಲಸದ ಬೆಲೆ ಗೊತ್ತಿರೋನು ಒಬ್ಬನಾದ್ರೂ ಬಂದ!" ಮಹದೇವಸ್ವಾಮಿ ಬ್ಯಾಗಿನಿಂದ ತೆಗೆದ ಕಾಗದಗಳಲ್ಲಿ, ಅವನು ಹೇಳಿದ ಕಡೆಯೆಲ್ಲ ಸೈನು ಹಾಕಿದ. ವೀಣ ಬಾಗಿಲಿಗೆ ಬಂದು, "ಓದಿ ಸೈನಾಕ್ರೀ" ಅಂದಳು. ಅಷ್ಟರಲ್ಲಿ ಪೆನ್ನು ಜೇಬಿಗೆ ಹೋಗಿತ್ತು.

ಕತ್ತಲಾಗುತ್ತಲೇ ಲಾರಿ ಪಾಂಡವಪುರಕ್ಕೆ ಮೆರವಣಿಗೆಯಲ್ಲಿ ಹೋಯಿತು. ವೀಣಳೂ ಗಂಡನ ಪಕ್ಕ ಕ್ಯಾಬಿನ್ನು ಹತ್ತಿದಳು. ಬೈದವರೇ ಬೈಕು, ಆಟೋ ಹತ್ತಿ ಹಿಂದೆ ಹೊರಟರು. ಧರ್ಮೇಂದ್ರ ಯಾರದೋ ಬೈಕಿನ ಹಿಂದೆ ಕೂತು ಬಂದ. ಎಷ್ಟಾದರೂ ನಮ್ಮೂರ ಲಾರಿ! ಆಫೀಸಿನ ಮುಂದೆ ನಿಂತಾಗ ದೀಪದ ಬೆಳಕು ಬಿದ್ದು ತೊಣ್ಣೂರು ಕೆರೆಯ ಅಲೆಗಳು ಅಲುಗಿದಂತಾಯಿತು. ಶಿವಪ್ರಕಾಶ ಬಾತುಕೋಳಿಯ ತಲೆ ಸವರಿ, "ಬತ್ತೀನಿ ಕಣವ್ವ" ಅಂದು, ಎದುರಿನ ಅಂಗಡಿಗೆ ಕಾಫಿಗೆ ಹೋದ. ಎಷ್ಟೋ ತಿಂಗಳ ಮೇಲೆ ಅವನಿಗೆ ಕಾಫಿ ರುಚಿಸಿತು.

ಅರ್ಧ ಲೋಟ ಆಗಿತ್ತು. ಗುರ್ರ್ ಅಂತ ಒಂದು ಸದ್ದು ಕೇಳಿತು. ಆ ಸದ್ದು ಯಾವ ಆಚಾರಿಗೂ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಡ್ರಿಲ್ ಮಿಷನ್ನು.

ಲೋಟ ಬಿಸಾಕಿ ಓಡಿ ಬಂದ. ನಾಲ್ಕು ಜನ ಏಣಿ ಹಾಕಿ ಲಾರಿಯ ಸುತ್ತ ಕಬ್ಬಿಣದ ಚೌಕಟ್ಟು ಬಿಗಿಯುತ್ತಿದ್ದರು. ಒಂದೊಂದು ಆನೆಯ ಹಣೆಗೆ ಒಂದೊಂದು ಬೋಲ್ಟು. ಬುತ್ತಿ ಹೊತ್ತ ಹೆಂಗಸಿನ ಬುತ್ತಿಗೆ ಎರಡು. ಬಾತುಕೋಳಿಯ ಕಣ್ಣಿದ್ದ ಕಡೆ ಹೆಬ್ಬೆಟ್ಟು ಹೋಗುವಷ್ಟು ತೂತು.

"ಏನ್ರೋ ಮಾಡ್ತಾ ಇದ್ದೀರಾ?!"

"ಫ್ಲೆಕ್ಸು ಕಟ್ತಾ ಇದ್ದೀವಿ ಆಚಾರ್ರೇ," ಅಂದ ಮಹದೇವಸ್ವಾಮಿ ಸಂತೋಷದಿಂದ. "ಹಗ್ಗ ಕಟ್ಟುದ್ರೆ ಗಾಳಿಗೆ ಹಾರೋಯ್ತದೆ. ನೀವೇ ಸೈನ್ ಮಾಡಿದ್ದೀರಲ್ಲ. ನೋಡ್ರಿ, ಎಷ್ಟು ಲಕ್ಷಣವಾಗದೆ!"

ಫ್ಲೆಕ್ಸು ಮೇಲಿನಿಂದ ಕೆಳಕ್ಕೆ ಉರುಳಿ ಬಿಚ್ಚಿಕೊಂಡಿತು. ನವಿಲು, ಗುಡ್ಡ, ಕೆರೆ, ಆನೆ ಎಲ್ಲವೂ ಮುಚ್ಚಿಹೋದವು. ಅವುಗಳ ಜಾಗದಲ್ಲಿ ಸಾಯಂಕಾಲ ತೆಗೆದ ಶಿವಪ್ರಕಾಶನ ಮುಖ, ಆನೆಗಿಂತ ದೊಡ್ಡದಾಗಿ, ಹಲ್ಲೆಲ್ಲ ಕಿರಿದು ನಗುತ್ತಿತ್ತು. ಕೆಳಗೆ ಕೆಂಪು ಅಕ್ಷರ: 'ಏಳು ವರ್ಷದ ಸಾಲ! ಕಂತು ಚಿಕ್ಕದು, ನಗು ದೊಡ್ಡದು!'

ಶಿವಪ್ರಕಾಶ ಚಕ್ರಕ್ಕೆ ಒರಗಿ ಅಳತೊಡಗಿದ. ವೀಣಳೇ ಮುಂದೆ ಬಂದಳು. "ಗಾಡಿ ಒಂದ್ ತಿಂಗ್ಳು ಇಲ್ ನಿಂತ್ರೆ ಬರೋ ಕಂತು ಎಲ್ಲಿಂದ ಕಟ್ಟಾನ ಸ್ವಾಮಿ?"

"ಅದಾ? ಅದು ಮಾಮೂಲಿ ಕಟ್ಬೇಕಮ್ಮ. ಕಷ್ಟ ಅಂದ್ರೆ ಯೋಳಿ, ಏಳು ವರ್ಷನ ಒಂಬತ್ತಕ್ಕೆ ಎಳ್ದುಬುಡಣ. ಕಂತು ಇನ್ನೂ ಚಿಕ್ಕದಾಯ್ತದೆ!"

ವೀಣ ಗಂಡನ ತೋಳು ಹಿಡಿದು ನಿಂತಳು. ಅಳುತ್ತಿದ್ದ ಶಿವಪ್ರಕಾಶನ ಮೇಲೆ ನಗುತ್ತಿದ್ದ ಶಿವಪ್ರಕಾಶನ ನೆರಳು ಬಿದ್ದಿತ್ತು. ಆಗಲೇ ಫ್ಲೆಕ್ಸು ಓದಿದ ನಾಲ್ಕಾರು ಜನ ಸಾಲ ಕೇಳಲು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರು.

ಚಲುವಯ್ಯ ಗುಂಪು ಸೀಳಿಕೊಂಡು ಬಂದ. ಫ್ಲೆಕ್ಸಿನ ತುದಿ ಎತ್ತಿ, ಬಾತುಕೋಳಿಯ ತೂತಿನೊಳಗೆ ಬೆರಳು ತೂರಿಸಿ ನೋಡಿದ. ಆಮೇಲೆ ಶಿವಪ್ರಕಾಶನ ಕಿವಿಯ ಹತ್ತಿರ ಬಾಗಿ, ಬಹಳ ಪ್ರೀತಿಯಿಂದ ಕೇಳಿದ:

"ತಿಂಗ್ಳು ಕಳ್ದ್ ಮ್ಯಾಲೆ ಗೊಬ್ಬರ ತುಂಬ್ಬೋದಲ್ವೇನ್ಲಾ ಪ್ರಕಾಸಾ? ರಸ ಸೋರೋಕೆ ದಾರಿನೂ ಆಯ್ತಲ್ಲ!"