ಸಿಸ್ಟರಿಗೊಂದು ಕ್ಯಾಂಡಲ್

ಯೂರೋಪಿನ ಚರ್ಚುಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತವಳು ನಾನು! ತೊಂಬತ್ತರ ದಶಕದಲ್ಲಿ ದೋಹಾದ ನಮ್ಮ ಕನ್ನಡದವರ ಗುಂಪು ಯೂರೋಪ್ ಟೂರ್ ಹೊರಟಾಗ, ಯಾರೂ ಕೇಳದಿದ್ದರೂ ಎಟಿಕೆಟ್ ವಿಭಾಗದ ಉಸ್ತುವಾರಿಯನ್ನು ವಹಿಸಿಕೊಂಡೆ. ಸ್ಮಾರಕವಿರಲಿ, ಚರ್ಚಿರಲಿ, ನಾನು ಮಾಡಿದ ಹಾಗೆ ಮಾಡಿ, ಅಷ್ಟೇ ಸಾಕು ಎಂದು ಏರ್‌ಪೋರ್ಟಿನಲ್ಲೇ ಆಜ್ಞೆ ಹೊರಡಿಸಿದೆ.

ಯೂರೋಪಿನಲ್ಲಿ ನನಗೊಂದು ಸ್ವಂತ ಕೆಲಸವೂ ಇತ್ತು. ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಬಿಯಾಟ್ರಿಸ್ ತೀರಿಕೊಂಡ ಸುದ್ದಿ ಆ ವರ್ಷವೇ ಬಂದಿತ್ತು. ಅವರ ಹೆಸರಿನಲ್ಲಿ ಒಂದು ಕ್ಯಾಂಡಲ್ ಹಚ್ಚೋಣವೆಂದರೆ ದೋಹಾದಲ್ಲಿ ಆಗ ಚರ್ಚ್ ಇರಲಿಲ್ಲ. ದೇವಸ್ಥಾನವೂ ಇರಲಿಲ್ಲ ಅನ್ನಿ. ನಮ್ಮ ದೇವರುಗಳೆಲ್ಲ ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನ ಕಿಚನ್ ಕಪಾಟಿನಲ್ಲಿ, ಸಕ್ಕರೆ ಡಬ್ಬದ ಪಕ್ಕ ವಾಸವಾಗಿದ್ದರು. ಸಿಸ್ಟರನ್ನು ಅಲ್ಲಿಗೆ ಕರೆಯುವುದು ಹೇಗೆ?

ಚರ್ಚಿನಲ್ಲಿ ಹೆಣ್ಣುಮಗಳ ಕಾಲ್ಬೆರಳು ಕಾಣಬಾರದು ಎಂಬುದು ಸಿಸ್ಟರ್ ಶಾಸನ. ಅದಕ್ಕೇ ದೋಹಾದ ನಜ್ಮಾ ಬಡಾವಣೆಯ ಅಂಗಡಿಯಲ್ಲಿ ಕಪ್ಪು ಲೆದರ್ ಶೂ ಕೊಂಡೆ. ಬಿಗಿಯಾಗಿತ್ತು. ನಡೆದರೆ ಸಡಿಲವಾಗುತ್ತದೆ ಎಂದ ಮಲಯಾಳಿ ಸೇಲ್ಸ್‌ಮನ್. ನಡೆದೆ. ಸಡಿಲವಾದದ್ದು ನನ್ನ ಮಂಡಿ.

"ಒಂದು ಜೊತೆ ಚಪ್ಪಲೀನೂ ಇಟ್ಕೊಳ್ಳೇ," ಎಂದಿದ್ದರು ಯಜಮಾನರು.

"ನಿಮಗೆ ಎಟಿಕೆಟ್ ಗೊತ್ತಿಲ್ಲ," ಎಂದು ಅವರು ಇಟ್ಟಿದ್ದನ್ನೂ ಸೂಟ್‌ಕೇಸಿನಿಂದ ತೆಗೆದುಹಾಕಿದ್ದೆ.

ಮೊದಲ ಚರ್ಚಿನಲ್ಲಿ ರಿಪೇರಿ ನಡೆದಿತ್ತು. ಎರಡನೆಯದರಲ್ಲಿ ಯಾರದೋ ಮದುವೆ. ಮೂರನೆಯದರ ಬಾಗಿಲಿಗೆ ನಾನು ಕುಂಟಿಕೊಂಡು ತಲುಪುವಷ್ಟರಲ್ಲಿ ಎಲ್ಲರೂ ನೋಡಿ ಮುಗಿಸಿ ಬಸ್ ಹತ್ತುತ್ತಿದ್ದರು. ಉಳಿದದ್ದು ಕೊನೆಯ ಊರಿನ ದೊಡ್ಡ ಚರ್ಚೊಂದೇ. ಅದಕ್ಕೂ ಮೊದಲು ಸೈನಿಕರ ಸ್ಮಾರಕ.

ಸಾಲು ಸಾಲು ಬಿಳಿ ಕಲ್ಲುಗಳು. ಒಂದೊಂದರ ಮೇಲೂ ಒಬ್ಬೊಬ್ಬ ಹುಡುಗನ ವಯಸ್ಸು. ಓದುತ್ತ ಓದುತ್ತ ಅಲ್ಲೇ ನಿಂತುಬಿಟ್ಟೆ. ನಿಜ ಹೇಳಬೇಕೆಂದರೆ ಹೆಬ್ಬೆರಳೂ ಮರಗಟ್ಟಿತ್ತು. ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತವಳು ಮೆಲ್ಲಗೆ ಶೂಗಳಿಂದ ಕಾಲೆಳೆದು ತಣ್ಣನೆಯ ಹಾಸುಗಲ್ಲಿನ ಮೇಲಿಟ್ಟೆ. ಸ್ವರ್ಗ!

ಕಣ್ಣು ಬಿಟ್ಟರೆ ಇಡೀ ಗುಂಪು ಬರಿಗಾಲಲ್ಲಿ ನಿಂತಿದೆ. ಗದಗಿನ ಕಡೆಯ ಶಾಂತಕ್ಕ, ಫೋರ್‌ಮನ್ ಆಗಿದ್ದ ಅವರ ಗಂಡ, ನಮ್ಮ ಯಜಮಾನರು ಕೂಡ. ಹೂವಿಡಲು ಬಂದಿದ್ದ ಆ ಊರಿನ ಮುದುಕಿಯೊಬ್ಬರು ನಮ್ಮ ಕಾಲುಗಳನ್ನು ನೋಡಿ, ತಾವೂ ಕಷ್ಟಪಟ್ಟು ಬಗ್ಗಿ ಶೂ ಬಿಚ್ಚಿದರು. ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. ಇದು ನಿಮ್ಮ ಕಲ್ಚರೇ ಎಂದು ಗೈಡ್ ಪಿಸುದನಿಯಲ್ಲಿ ಕೇಳಿದ. ಯೆಸ್ ಎಂದೆ. ಆ ಹೆಂಗಸಿನ ಎದುರು ಇನ್ನೇನು ಹೇಳಲಿ?

ಕಲ್ಚರ್ ಬಿಚ್ಚುವುದು ಸುಲಭವಾಗಿತ್ತು. ಮತ್ತೆ ಹಾಕಿಕೊಳ್ಳಲು ಹೋದರೆ ಪಾದಗಳು ಹುಳಿಬಂದ ಇಡ್ಲಿ ಹಿಟ್ಟಿನಂತೆ ಉಬ್ಬಿದ್ದವು. ಯಜಮಾನರು ಶೂ ತಳ್ಳಿದರು. ಶಾಂತಕ್ಕ ನನ್ನನ್ನು ಹಿಂದಿನಿಂದ ಹಿಡಿದುಕೊಂಡರು. ಕಾಲು ಒಳಗೆ ಹೋಗಲೇ ಇಲ್ಲ. ಖಲಾಸ್! ಯಜಮಾನರು "ಚಪ್ಪಲಿ..." ಎಂದು ಶುರುಮಾಡಿ, ನನ್ನ ಮುಖ ನೋಡಿ, ಶೂಗಳನ್ನೆತ್ತಿಕೊಂಡು ಬಸ್ಸಿನತ್ತ ನಡೆದರು.

ಕೊನೆಯ ಚರ್ಚನ್ನು ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಎತ್ತರದ ಗೋಪುರಗಳು, ಬಣ್ಣಬಣ್ಣದ ಗಾಜು. ಬರಿಗಾಲಲ್ಲೇ ಹೋಗಬಹುದಿತ್ತು. ಆದರೆ ಹತ್ತಕ್ಕೆ ಹತ್ತೂ ಬೆರಳುಗಳು ಕಾಣುತ್ತಿದ್ದವು. ಸಿಸ್ಟರ್ ಹೋಗಿಬಿಟ್ಟಿದ್ದರೂ ನನಗೆ ಧೈರ್ಯ ಬರಲಿಲ್ಲ. ಶಾಂತಕ್ಕನಿಗೆ ಸಿಸ್ಟರ್ ಹೆಸರು ಬಾಯಿಪಾಠ ಮಾಡಿಸಿ, ನನ್ನ ಬದಲು ಕ್ಯಾಂಡಲ್ ಹಚ್ಚಿಬನ್ನಿ ಎಂದು ಕಳಿಸಿದೆ.

ಅವರು ಹಿಂತಿರುಗಿದಾಗ ಮುಖ ಬೆಳಗುತ್ತಿತ್ತು.

"ಹಚ್ಚೀನ್ರೀ ಅಕ್ಕಾರ. ಚೂರು ಕುಂಕುಮ ಏರಿಸಿ, ಎಲ್ಲಾರೂ ಆರತಿ ತಗೊಂಡ್ವಿ. ಹೆಸರೂ ಬರೋಬ್ಬರಿ ಹೇಳ್ದೆ. ಆದ್ರ ನೀವು ಗೋತ್ರ ಹೇಳಿರಲಿಲ್ಲ ನೋಡ್ರಿ."

ನಾನು ಸೀಟಿನಿಂದ ಮುಂದಕ್ಕೆ ಬಗ್ಗಿದೆ. "ಆಮೇಲೆ?"

"ಗೋತ್ರ ಗೊತ್ತಿಲ್ಲದವ್ರಿಗೆ ಕಾಶ್ಯಪ ಗೋತ್ರ ಅಂತಾರಲ್ರೀ. ಅದನ್ನ ಹೇಳಿ ಸಂಕಲ್ಪ ಮಾಡಿಬಿಟ್ಟೆ."

ಹೀಗೆ, ಕಾಶ್ಯಪ ಗೋತ್ರೋದ್ಭವೆ ಸಿಸ್ಟರ್ ಬಿಯಾಟ್ರಿಸ್ ಅವರಿಗೆ ಯೂರೋಪಿನ ಚರ್ಚಿನಲ್ಲಿ ಮಂಗಳಾರತಿ ಸಂದಿತು. ಉಳಿದ ಕುಂಕುಮವನ್ನು ಶಾಂತಕ್ಕ ನನ್ನ ಹಣೆಗಿಟ್ಟರು. ಹೊರಗೆ ಚರ್ಚಿನ ಗಂಟೆ ಹೊಡೆಯಿತು. ಎಟಿಕೆಟ್ ವಿಭಾಗದ ಮುಖ್ಯಸ್ಥೆ ತನ್ನ ಬೆರಳುಗಳನ್ನೆಲ್ಲ ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು, ನೆಟ್ಟಗೆ ಕೂತಳು.