ಹೂವಿಗೊಂದು ಕಟಿಂಗ್

ಸಲೂನಿನಲ್ಲಿ ಎಂಥೆಂಥವರ ತಲೆಯನ್ನೂ ಒಂದೇ ಬೆರಳಿನಲ್ಲಿ ತಗ್ಗಿಸುವ ಯಜಮಾನರು, ಮನೆಯಲ್ಲಿ ಒಂದು ಮೊಗ್ಗಿಗೆ ಹೆದರಿ ಊಟ ಬಿಟ್ಟಿದ್ದರು.

ಮೊಗ್ಗು ಅತ್ತೆಯವರ ಲಿಲ್ಲಿ ಗಿಡದ್ದು. ಅಂದರೆ, ಅತ್ತೆ ಹಾಗೆಂದುಕೊಂಡಿದ್ದರು. ಅವರು ಮಗಳ ಬಾಲ್ಕನಿಯಲ್ಲಿ ಬಿಟ್ಟುಹೋಗಿದ್ದ ಅಸಲಿ ಗಿಡ, ಹೆಂಡತಿ ತಂಗಿಯ ಮನೆಗೆ ಹೋಗಿದ್ದ ವಾರ, ಯಜಮಾನರು ಸಲೂನಿನಿಂದ ತಂದು ಹೊಯ್ದ ಸೋಪಿನ ನೀರು ಕುಡಿದು ಕೊಳೆತುಹೋಗಿತ್ತು. (ನೀರು ದಂಡ ಮಾಡಬಾರದು ಎಂಬುದು ಅವರ ಸಿದ್ಧಾಂತ.) ಅದೇ ಕುಂಡಕ್ಕೆ ನರ್ಸರಿಯಿಂದ ಅಂಥದ್ದೇ ಎಲೆಯ ಗಿಡ ತಂದು ನೆಟ್ಟು, ಏನೂ ಆಗಿಲ್ಲವೆಂಬಂತೆ ಇದ್ದುಬಿಟ್ಟಿದ್ದರು. ಈಗ ಮೊಗ್ಗಿನ ಸುದ್ದಿ ಫೋನಿನಲ್ಲಿ ಕೇಳಿ, ಹೂ ನೋಡಲು ಅತ್ತೆ ಹೊರಟು ನಿಂತಿದ್ದರು.

ಯಜಮಾನರು ನರ್ಸರಿಗೆ ಓಡಿದರು.

"ಇದರಲ್ಲಿ ಎರಡು ಕುಲ ಇದೆ ಸಾರ್, ದಾಯಾದಿಗಳು," ಎಂದ ನರ್ಸರಿಯವ. "ಎಲೆ ನೋಡಿ ಹೇಳೋಕಾಗಲ್ಲ. ಹೂವಿನ ಮಧ್ಯೆ ಆರು ಕೇಸರ ಇರುತ್ತೆ. ಒಂದು ಕುಲದಲ್ಲಿ ಆರೂ ಬಿಡಿಬಿಡಿ. ಇನ್ನೊಂದರಲ್ಲಿ ಆರನ್ನೂ ಸೇರಿಸಿ ಬುಡದಲ್ಲಿ ಬಿಳಿ ಪೊರೆ, ಬಟ್ಟಲಿನ ಥರ."

"ನಂಗೆ ಕೊಟ್ಟಿದ್ದು ಯಾವುದು?"

"ಹೂ ಬಿಡ್ಲಿ, ಗೊತ್ತಾಗುತ್ತೆ."

ಮನೆಗೆ ಬಂದು ಹೆಂಡತಿಯನ್ನು ಉಪಾಯವಾಗಿ ವಿಚಾರಿಸಿದರು.

"ನಿಮ್ಮಮ್ಮನ ಹೂವಿನಲ್ಲಿ ಆರು ಇತ್ತಲ್ಲ, ಅವು ಬಿಡಿಬಿಡಿಯೋ, ಕೂಡಿಕೊಂಡಿದ್ವೋ?"

"ಬಿಡಿಬಿಡಿ. ತೆಳ್ಳಗೆ, ಉದ್ದಕ್ಕೆ, ಒಂದಕ್ಕೊಂದು ತಾಗ್ತಾನೇ ಇರ್ಲಿಲ್ಲ. ಯಾಕ್ರೀ, ನಿಮಗ್ಯಾವಾಗಿಂದ ಈ ಹೂವಿನ ಹುಚ್ಚು?"

"ಸುಮ್ನೆ, ಜನರಲ್ ನಾಲೆಡ್ಜು."

ಮರುದಿನ ಸಂಜೆ, ಅತ್ತೆಯ ಬಸ್ಸು ಬರುವ ಮೊದಲೇ ಮೊದಲ ಮೊಗ್ಗು ಅರಳಿತು. ಬಗ್ಗಿ ನೋಡಿದರೆ ಹೂವಿನ ನಡುವೆ ಸೊಗಸಾದ ಬಿಳಿ ಬಟ್ಟಲು. ಯಜಮಾನರು ಬೆರಳು ಮಡಚಿ ಎಣಿಸಿದರು. ಮತ್ತೆ ಎಣಿಸಿದರು. ಎಸಳೂ ಆರು, ಕೇಸರವೂ ಆರು. ಎಣಿಸಿದಷ್ಟೂ ತಲೆ ಗಿರ್ರೆಂದಿತೇ ಹೊರತು ಬಟ್ಟಲು ಮಾಯವಾಗಲಿಲ್ಲ.

ಆಗ ಕೈಕಸುಬು ನೆರವಿಗೆ ಬಂತು. ಮೀಸೆ ಟ್ರಿಮ್ ಮಾಡುವ ಪುಟ್ಟ ಕತ್ತರಿ ತಂದು, ಉಸಿರು ಬಿಗಿಹಿಡಿದು, ಕೇಸರಗಳ ನಡುವಿನ ಪೊರೆಯನ್ನು ಸುತ್ತಲೂ ನಯವಾಗಿ ಕತ್ತರಿಸಿ ತೆಗೆದರು. ಸಸ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಹೂ ನಿಂತನಿಲುವಿನಲ್ಲಿ ಕುಲ ಬದಲಿಸಿದ್ದು ಅದೇ ಮೊದಲಿರಬೇಕು. ಕೊನೆಗೆ, ಅಭ್ಯಾಸಬಲದಿಂದ, ಬ್ರಷ್ಷಿನಲ್ಲಿ ಚೂರುಗಳನ್ನೂ ಕೊಡವಿದರು. (ಹಿಂದಿನಿಂದ ಕನ್ನಡಿ ಹಿಡಿದು ತೋರಿಸುವುದೊಂದು ಬಾಕಿ.)

ಅತ್ತೆ ಬಂದವರೇ ಚಪ್ಪಲಿ ಬಿಟ್ಟು ನೆಟ್ಟಗೆ ಬಾಲ್ಕನಿಗೆ ನಡೆದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಇದು ನನ್ನ ಗಿಡ ಅಲ್ಲ."

"ಸರಿಯಾಗಿ ನೋಡಿ ಅತ್ತೆ, ಆರೂ ಬಿಡಿಬಿಡಿಯಾಗಿ..."

"ಬಿಡಿಬಿಡಿಯಾಗಿ ಇದ್ದದ್ದು ಎಸಳು, ಅಳಿಯಂದಿರೇ. ಒಳಗೆ ಒಂದು ಬಟ್ಟಲಿತ್ತು. ಆ ಬಟ್ಟಲಿನ ಚಂದಕ್ಕೇ ನಾನಿದನ್ನ ಸಾಕಿದ್ದು. ಯಾರೋ ಗಿಡ ಬದಲಾಯಿಸಿದ್ದಾರೆ."

ಯಜಮಾನರಿಗೆ ಅಳು ಬರುವಂತಾಯಿತು. ಹೆಂಡತಿ ಹೇಳಿದ್ದು ಎಸಳಿನ ಲೆಕ್ಕ; ನರ್ಸರಿಯವ ಕೊಟ್ಟದ್ದು ಸರಿಯಾದ ಕುಲವೇ ಆಗಿತ್ತು. ಈಗ ಗಿಡ ಅಂಥದ್ದೇ ಎಂದು ಸಾಧಿಸಬೇಕಾದರೆ ಬಟ್ಟಲು ಕತ್ತರಿಸಿದ್ದನ್ನು ಹೇಳಬೇಕು; ಯಾಕೆ ಕತ್ತರಿಸಿದಿರಿ ಎಂದರೆ ಗಿಡ ಕೊಂದದ್ದನ್ನು ಹೇಳಬೇಕು.

"ನೀರು ಹೆಚ್ಚುಕಮ್ಮಿಯಾಗಿ ಬಟ್ಟಲು ಬಂದಿರಲಿಕ್ಕಿಲ್ಲ," ಎಂದರು ಕೊನೆಗೆ, ತಮಗೇ ಕೇಳಿಸದಷ್ಟು ಮೆಲ್ಲಗೆ.

ಅತ್ತೆ ಉಳಿದ ಮೊಗ್ಗುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಇನ್ನೂ ಬೇಕಾದಷ್ಟು ಮೊಗ್ಗಿದೆಯಲ್ಲ, ಅರಳಲಿ. ಅಲ್ಲೀವರೆಗೂ ನಾನೆಲ್ಲಿಗೂ ಹೋಗಲ್ಲ. ಹಾಸಿಗೆ ಇಲ್ಲೇ ಬಾಲ್ಕನಿ ಬಾಗಿಲಲ್ಲಿ ಹಾಕಿಬಿಡಮ್ಮ," ಎಂದರು ಮಗಳಿಗೆ.

ಮರುದಿನ ಸಂಜೆ ಎರಡನೆಯ ಮೊಗ್ಗು ಅರಳಿತು, ಒಳಗೆ ತುಂಬು ಬಟ್ಟಲಿನೊಂದಿಗೆ. ಅತ್ತೆಯ ಮುಖವೂ ಅರಳಿತು. ಆಮೇಲೆ ಅವರು ಎರಡು ಹೂಗಳನ್ನೂ ಹತ್ತಿರ ಹಿಡಿದು, ಒಂದನ್ನು ನೋಡಿ ಇನ್ನೊಂದನ್ನು ನೋಡಿದರು.

"ಗಿಡವೇನೋ ನನ್ನದೇ," ಎಂದರು. "ಹಾಗಾದ್ರೆ ನಿನ್ನೆ ಹೂವಿಗೆ ಕಟಿಂಗ್ ಮಾಡಿದ್ದು ಯಾರು?"

ಆ ಮನೆಯಲ್ಲಿ ಕತ್ತರಿ ಹಿಡಿದು ಬದುಕುವವರು ಒಬ್ಬರೇ ಇದ್ದರು.