ರಬ್ಬರ್ ಗನ್ನು, ಗಾಳಿ ಗನ್ನು ಮತ್ತು ನಮ್ಮ ಮಾವ

ಹೊಸನಗರದಲ್ಲಿ ನಂದೊಂದು ಪಂಕ್ಚರ್ ಅಂಗಡಿ. ಅಂಗಡೀಲಿ ಇರೋದು ಎರಡೇ ಸಾಮಾನು, ರಬ್ಬರು ಮತ್ತು ಗಾಳಿ. ಹಾಗಾಗಿ ನೀರಲ್ಲಿ ಮುಳುಗಿ ಮೀನು ಹೊಡೆಯೋ ಹುಚ್ಚು ಹಿಡಿದವರೆಲ್ಲ, ಸಾಗರದಿಂದ ತೀರ್ಥಹಳ್ಳಿವರೆಗಿನವರು, ಒಂದಲ್ಲ ಒಂದು ದಿನ ನನ್ನ ಬಾಗಿಲಿಗೇ ಬರ್ತಾರೆ. ರಬ್ಬರ್ ಎಳೆದು ಬಿಡೋ ಗನ್ನು ಒಳ್ಳೇದಾ, ಗಾಳಿ ತುಂಬಿ ಹೊಡೆಯೋ ಗನ್ನು ಒಳ್ಳೇದಾ ಅಂತ ಕೇಳ್ತಾರೆ. ಒಬ್ರಂತೂ ಎರಡು ತಾಸು ಇದನ್ನೇ ಮಾತಾಡಿ, ರಿಪೇರಿಗೆ ತಂದ ಬೈಕು ಇಲ್ಲೇ ಮರೆತು, ನಡ್ಕೊಂಡೇ ಮನೆಗೆ ಹೋದ್ರು. ಇಂಥದ್ದು ನಮ್ಮಲ್ಲಿ ವಾರಕ್ಕೊಂದು ಇದ್ದದ್ದೇ.

ನಂಗೂ ಆ ಹುಚ್ಚಿದೆ. ಆದ್ರೆ ಮದುವೆಯಾಗಿ ಹನ್ನೊಂದು ವರ್ಷ ಆದ್ರೂ ನಾನು ಹೊಡೆದ ಒಂದೇ ಒಂದು ಮೀನು ನಮ್ಮನೆ ಒಲೆ ಕಂಡಿಲ್ಲ. ನೀರೊಳಗೆ ಹೋದ್ರೆ ಯಾಕೆ ಬಂದೆ ಅನ್ನೋದೇ ಮರೆತುಹೋಗ್ತದೆ. ಸುತ್ತ ಹಸಿರು ಬೆಳಕು, ಮೇಲಿಂದ ಕೋಲುಕೋಲಾಗಿ ಇಳಿಯೋ ಬಿಸಿಲು, ಕಿವಿಯಲ್ಲಿ ನಂದೇ ಎದೆ ಬಡಿತ. ಮೀನು ಎದುರಿಗೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಾ ನಿಂತ್ರೆ, ನಾನೂ ನೋಡ್ತಾ ನಿಂತುಬಿಡ್ತೀನಿ. ಟ್ರಿಗರ್ ನೆನಪಾಗೋ ಹೊತ್ತಿಗೆ ಉಸಿರು ಮುಗಿದಿರ್ತದೆ.

ನಮ್ಮ ಮಾವ, ಅಂದ್ರೆ ಹೆಂಡತಿಯ ಅಪ್ಪ, ಗಾಳ ಹಾಕೋದ್ರಲ್ಲಿ ಹೆಸರು ಮಾಡಿದೋರು. ಈ ಸಲ ಯುಗಾದಿ ಊಟಕ್ಕೆ ಕೂತಾಗ ಎಲ್ಲರೆದುರು ಅಂದ್ರು, "ನಮ್ಮ ಅಳಿಯ ಮೀನು ನೋಡ್ಲಿಕ್ಕೆ ಹೋಗೋದು. ಹೊಡೀಲಿಕ್ಕಲ್ಲ." ನಂಗೆ ಅನ್ನ ಇಳೀಲಿಲ್ಲ. ಮಳೆ ಹಿಡಿದು ನೀರು ಕೆಂಪಾಗೋದ್ರೊಳಗೆ ನಾನೇ ಹೊಡೆದ ಮೀನಿನ ಸಾರು ಇವರ ಎಲೆಗೆ ಬೀಳಬೇಕು ಅಂತ ಅವತ್ತೇ ಹಠ ಹಿಡಿದೆ. ಯಾವ ಗನ್ನಿಂದ ಅನ್ನೋದಷ್ಟೇ ಉಳಿದ ಪ್ರಶ್ನೆ.

ಎದೆ ಮೇಲಿನ ಗುರುತು

ಮೊದಲು ರಬ್ಬರ್ ಗನ್ನು. ಆಳೆತ್ತರದ ಸಾಗುವಾನಿ ಪಟ್ಟಿ, ಲಾರಿ ಟ್ಯೂಬಿಂದ ಕತ್ತರಿಸಿದ ರಬ್ಬರು, ಮುಂದೊಂದು ಚೂಪು ಸರಳು. ಎಲ್ಲ ನಾನೇ ಮಾಡಿದ್ದು. ಸದ್ದಿಲ್ಲ, ದೂರ ಹೋಗ್ತದೆ, ಕೆಟ್ರೆ ಅಂಗಡೀಲೇ ಸರಿಮಾಡಬಹುದು. ತೊಂದರೆ ಒಂದೇ. ಹಿಡಿಯ ಬುಡ ಎದೆಗೆ ಒತ್ತಿಕೊಂಡು ಎರಡೂ ಕೈಯಲ್ಲಿ ರಬ್ಬರ್ ಜಗ್ಗಬೇಕು. ಲಾರಿ ಹೊತ್ತ ರಬ್ಬರು ನನ್ನಂಥವನಿಗೆ ಬಗ್ಗೋದುಂಟಾ. ವಾರದಲ್ಲಿ ಎದೆ ನಡುವೆ ರೂಪಾಯಿಯಗಲ ನೀಲಿ ಕಟ್ಟಿತು.

ಹೆಂಡತಿ ನೋಡಿ ಗಾಬರಿಯಾಗಿ ಡಾಕ್ಟರ ಹತ್ತಿರ ಎಳ್ಕೊಂಡು ಹೋದ್ಲು. ಎದೆನೋವು ಅಂದ ಕೂಡಲೇ ಅವರು ಮಲಗಿಸಿ ಮೈಗೆಲ್ಲ ವೈರು ಅಂಟಿಸಿ ಇಸಿಜಿ ತೆಗೆದ್ರು. ಮಲಗಿದಲ್ಲೇ ನಿಜ ಬಾಯಿಬಿಟ್ಟೆ. ಅವರು ಕಾಗದ ನೋಡಿದ್ರು, ನನ್ನ ನೋಡಿದ್ರು, ಮುಲಾಮು ತರಲಿಕ್ಕೆ ಅಂತ ಹೆಂಡತೀನ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ್ರು. ನನ್ನ ಕಥೆ ಮುಗೀತು ಅಂದ್ಕೊಂಡೆ.

ಹತ್ರ ಬಂದು ಮೆಲ್ಲಗೆ ಕೇಳಿದ್ರು, "ನನ್ನ ಗನ್ನಿನ ಸರಳು ಆರಡಿ ದಾಟಲ್ಲ ಮಾರಾಯ. ನೀನು ಯಾವ ಟ್ಯೂಬ್ ಹಾಕಿದ್ದು?"

ಗುಳ್ಳೆ

ಗಾಳಿ ಗನ್ನು ನನ್ನ ಭಾವಮೈದನದು. ಆಗುಂಬೆ ಘಾಟಿ ಇಳಿದು ಕರಾವಳಿಗೆ ಟೆಂಪೋ ಓಡಿಸೋನು, ಅಲ್ಲಿಂದಲೇ ತಂದಿದ್ದ. ಕೈಪಂಪಲ್ಲಿ ಗಾಳಿ ತುಂಬೋದು. ಮೊಳದುದ್ದ ಇರೋದ್ರಿಂದ ಬಂಡೆ ಸಂದಿಗೂ ತೂರ್ತದೆ ಅಂತ ಅವನ ವಾದ. ಸೋರಿದ್ರೆ ಏನು ಗತಿ ಅಂತ ನನ್ನ ವಾದ. ಪರೀಕ್ಷೆ ಮಾಡೇಬಿಡೋಣ ಅಂತ ತೀರ್ಥಹಳ್ಳಿ ಕಡೆ ತುಂಗೆಗೆ ಹೋದ್ವಿ.

ಅವನು ಮುಳುಗಿದ. ನಾನು ಬಂಡೆ ಮೇಲೆ ಕೂತೆ. ನೀರು ಅಲ್ಲಾಡ್ತಿರಲಿಲ್ಲ. ಆಚೆ ದಡದ ಹೊಂಗೆ ಮರ ತಲೆಕೆಳಗಾಗಿ ನೀರಲ್ಲಿ ನಿದ್ದೆ ಮಾಡ್ತಿತ್ತು. ನಂಗೂ ತೂಕಡಿಕೆ. ಅಷ್ಟರಲ್ಲಿ ಗುಳುಗುಳು ಅಂತ ಗುಳ್ಳೆ ಎದ್ದಿತು. ಇಪ್ಪತ್ತು ವರ್ಷ ಟ್ಯೂಬನ್ನ ನೀರಿನ ತೊಟ್ಟೀಲಿ ಅದ್ದಿ ಗುಳ್ಳೆ ಹುಡುಕಿದ ಕೈ ಇದು, ನನ್ನ ಮಾತು ಕೇಳ್ತದಾ. ಧುಮುಕಿದೆ, ಗುಳ್ಳೆ ಬರೋ ಜಾಗ ತಡವಿ ಹಿಡಿದೆ, ಹೆಬ್ಬೆಟ್ಟಿಟ್ಟು ಬಲವಾಗಿ ಒತ್ತಿದೆ.

ಒತ್ತಿದ್ದು ಭಾವಮೈದನ ಬಾಯಿ. ಮೇಲೆ ಬಂದು ಐದು ನಿಮಿಷ ಕೆಮ್ಮಿದ. ಆಮೇಲೆ, "ಭಾವ, ಅದು ನನ್ನ ಉಸಿರು" ಅಂದ. ಗನ್ನು ಎಲ್ಲೂ ಸೋರ್ತಿಲ್ಲ ಅಂತ ನಾನೂ ಒಪ್ಪಿಕೊಂಡೆ.

ಮಾವನ ಹಿತ್ತಲು

ಮಳೆಗೆ ಇನ್ನೊಂದು ವಾರ ಅನ್ನುವಾಗ ಎರಡೂ ಗನ್ನು ತಗೊಂಡು ಶರಾವತಿ ಹಿನ್ನೀರಿಗೆ ಹೋದ್ವಿ. ಮಾವನೂ ಬಂದು ದಡದಲ್ಲಿ ಕೂತ್ರು. ಅವರ ಊರು ಇದೇ ನೀರಿನಡಿ ಇದೆ. ಅಣೆಕಟ್ಟು ಕಟ್ಟಿ ಊರು ಮುಳುಗಡೆ ಆದಾಗ ಅವರಿಗೆ ಹತ್ತೋ ಹನ್ನೊಂದೋ ವರ್ಷ. ಇವತ್ತಿಗೂ ಅಲ್ಲಿ ಯಾರು ಮೀನು ಹಿಡಿದ್ರೂ ತಲೆ ಭಾಗ ಇವರಿಗೆ ಕೊಡಬೇಕು. ನಮ್ಮ ಗದ್ದೇಲಿ ಮೇಯ್ದ ಮೀನು ಅಂತಾರೆ. ಜನ ನಗ್ತಾ ಕೊಡ್ತಾರೆ.

ರಬ್ಬರ್ ಗನ್ನು ಹಿಡಿದು ಇಳಿದೆ. ಮೀನು ಬಂತು. ಈ ಸಲ ನೋಡ್ತಾ ನಿಲ್ಲದೆ ಹೊಡೆದೆ. ಸರಳು ಹೋಗಿ ಒಂದು ಮರದ ಬುಡಕ್ಕೆ ನಾಟಿತು, ಜಗ್ಗಿದ್ರೂ ಬರಲಿಲ್ಲ. ಮೇಲೆ ಬಂದು ಹೇಳಿದೆ. ಮಾವ ಎದ್ದು ನಿಂತ್ರು.

"ಬುಡ ಕವಲೊಡೆದಿದ್ಯಾ?"

"ಹೌದು."

"ಅದು ನಮ್ಮ ಹಿತ್ತಲ ಹಲಸು. ಅಲ್ಲಿಂದ ಪಡುವಣಕ್ಕೆ ಹದಿನೈದು ಹೆಜ್ಜೆ ಹೋದ್ರೆ ಬಾವಿ. ಈ ಬಿಸಿಲಿಗೆ ದೊಡ್ಡ ಮೀನು ಅಲ್ಲೇ ಇರ್ತದೆ." ಸ್ವಲ್ಪ ಯೋಚನೆ ಮಾಡಿ, "ನನ್ನ ಆಗಿನ ಹೆಜ್ಜೆ, ಮತ್ತೆ" ಅಂದ್ರು.

ರಬ್ಬರ್ ಗನ್ನಿನ ಸರಳು ಮರದಲ್ಲೇ ಉಳೀತು, ಇದ್ದಿದ್ರೂ ಬಾವಿಯೊಳಗೆ ಅಷ್ಟುದ್ದದ ಗನ್ನು ತಿರುಗಿಸಲಿಕ್ಕಾಗಲ್ಲ. ಭಾವಮೈದನ ಗಾಳಿ ಗನ್ನು ಇಸ್ಕೊಂಡು ಮತ್ತೆ ಮುಳುಗಿದೆ. ಚಿಕ್ಕ ಚಿಕ್ಕ ಹದಿನೈದು ಹೆಜ್ಜೆ. ಮಂದ ಬೆಳಕಲ್ಲಿ ಜಂಬಿಟ್ಟಿಗೆಯ ಬಾವಿಕಟ್ಟೆ ಕಾಣ್ತು, ಕಲ್ಲಿನ ಮೇಲೆ ಹಗ್ಗ ಉಜ್ಜಿದ ಗೀರು ಹಾಗೇ ಇತ್ತು. ನೀರೊಳಗಿನ ಬಾವಿಗೆ, ನೀರು ಸೇದಲಿಕ್ಕೆ ಬಂದವನ ಹಾಗೆ, ಬಗ್ಗಿ ನೋಡಿದೆ. ತೋಳು ದಪ್ಪದ ಮುರುಗೋಡು ಮೀನು ಮೇಲೆ ಮುಖಮಾಡಿ ನನ್ನನ್ನೇ ನೋಡ್ತಿತ್ತು. ಎಷ್ಟು ಹೊತ್ತು ಬೇಕಾದ್ರೂ ನೋಡ್ತಿದ್ದೆ. ಮಾವನ ಯುಗಾದಿ ಮಾತು ನೆನಪಾಯ್ತು, ಹೊಡೆದೆ.

ಮೀನು ತಂದು ದಡದಲ್ಲಿ ಮಾವನ ಕಾಲ ಬುಡಕ್ಕೇ ಹಾಕಿದೆ. ಮಾವ ಮೀನು ನೋಡಲೇ ಇಲ್ಲ. ಕಟ್ಟೆ ಗಟ್ಟಿ ಇದ್ಯಾ ಅಂತ ಕೇಳಿದ್ರು. ಗಟ್ಟಿ ಇದೆ ಮಾವ, ಹಗ್ಗದ ಗೀರೂ ಇದೆ ಅಂದೆ. ಟವೆಲಲ್ಲಿ ಕಣ್ಣೊರೆಸಿಕೊಂಡ್ರು.

ಮಧ್ಯಾಹ್ನ ನೆಂಟರೆಲ್ಲ ಎಲೆ ಮುಂದೆ. ನಮ್ಮನೆಯವರು ಹೊಡೆದಿದ್ದು ಅಂತ ಹೆಂಡತಿ ಹೆಮ್ಮೆಯಿಂದ ಬಡಿಸಿದ್ಲು. ಮಾವ ಎರಡು ಸಲ ಹಾಕಿಸ್ಕೊಂಡು, ತಲೆ ಭಾಗ ಚೀಪಿ ಮುಗಿಸೋವರೆಗೆ ನಾನು ಅವರ ಮುಖವನ್ನೇ ನೋಡ್ತಿದ್ದೆ. ಕೈ ತೊಳೆದು ಬಂದು ಎಲ್ಲರಿಗೂ ಕೇಳೋ ಹಾಗೆ ಅಂದ್ರು, "ಇದ್ರಲ್ಲಿ ಹೊಡೆಯೋದು ಎಂತ ಇದೆ? ನಮ್ಮನೆ ಬಾವಿಯಿಂದ ಸೇದ್ಕೊಂಡು ಬಂದಿದಾನೆ."

ಈಗಲೂ ಅಂಗಡಿಗೆ ಬಂದು ರಬ್ಬರಾ, ಗಾಳಿಯಾ ಅಂತ ಕೇಳ್ತಾರೆ. ಎರಡೂ ಆಗ್ತದೆ, ಹೆಣ್ಣು ಮಾತ್ರ ಮುಳುಗಡೆಯವರ ಮನೆಯಿಂದಲೇ ತನ್ನಿ ಅಂತೀನಿ.